ಹಳೆಯ ಕಡತ, ಹೊಸ ಕಂಪ್ಯೂಟರ್: ಕನ್ನಡದಲ್ಲಿ ಬರೆಯುವವರಿಗೆ ಬಳಗದ ಕಿವಿಮಾತು

ನಿವೃತ್ತ ಮೇಷ್ಟ್ರು, ಡಿಟಿಪಿ ಮಾಡುವವರು, ಪಂಚಾಯಿತಿಯಲ್ಲಿ ಡೇಟಾ ಎಂಟ್ರಿ ನೋಡಿಕೊಳ್ಳುವವರು, ಪಿಎಚ್‌.ಡಿ.ಗೆ ಓದುತ್ತಿರುವ ಹುಡುಗಿಯರು, ಊರಿನ ಇತಿಹಾಸ ಬರೆಯಲು ಹೊರಟ ವಕೀಲರು. ಇಂಥವರೆಲ್ಲ ಆಗಾಗ ಲ್ಯಾಪ್‌ಟಾಪ್ ಹಿಡಿದು ಒಂದೆಡೆ ಸೇರುವ ಬಳಗ ನಮ್ಮದು. ಅಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು: ‘ಹದಿನೈದು ವರ್ಷದ ಹಿಂದೆ ಟೈಪ್ ಮಾಡಿಸಿಟ್ಟ ಕಡತ ಈಗ ತೆರೆದರೆ ಏನೇನೋ ಅಕ್ಷರ ಬರುತ್ತಿದೆ. ನನ್ನ ಬರಹ ಹೋಯಿತಾ?’

ಬಹಳಷ್ಟು ಸಲ ಹೋಗಿರುವುದಿಲ್ಲ. ಆದರೆ ಗೊತ್ತಿಲ್ಲದೆ ಕೈಹಾಕಿದರೆ ನಿಜಕ್ಕೂ ಹೋಗುತ್ತದೆ. ಕನ್ನಡ ತೆರೆಯ ಮೇಲೆ ಸರಿಯಾಗಿ ಕಾಣುವುದು ಬೇರೆ, ಕಡತದ ಒಳಗೆ ಸರಿಯಾಗಿರುವುದು ಬೇರೆ. ಈ ಒಂದು ವಿಷಯ ತಿಳಿದಿದ್ದರೆ ಅರ್ಧ ತೊಂದರೆ ತಾನೇ ಬಗೆಹರಿಯುತ್ತದೆ. ಬಳಗದಲ್ಲಿ ಒಬ್ಬರಿಂದೊಬ್ಬರಿಗೆ ದಾಟಿ, ಬಳಸಿ ನೋಡಿ ಗಟ್ಟಿಯಾದ ಉಪಾಯಗಳನ್ನು ಇಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರ್ ಶಾಸ್ತ್ರ ಓದಿದವರಿಗಲ್ಲ, ಕನ್ನಡದಲ್ಲಿ ದಿನವೂ ಬರೆಯುವವರಿಗೆ ಇವು ಬೇಕು.

ಮೊದಲು ರೋಗ ಗುರುತಿಸಿ

ಕಡತ ತೆರೆದಾಗ ಕನ್ನಡ ಕಾಣದಿದ್ದರೆ ಗಾಬರಿಯಾಗಿ ಏನನ್ನೂ ಸೇವ್ ಮಾಡಬೇಡಿ. ಕಾಣುತ್ತಿರುವ ಕಸವನ್ನೇ ಒಮ್ಮೆ ಗಮನವಿಟ್ಟು ನೋಡಿ. ಯಾವ ಬಗೆಯ ಕಸ ಎನ್ನುವುದರ ಮೇಲೆ ಪರಿಹಾರ ನಿಂತಿದೆ.

ಇಂಗ್ಲಿಷಿನ ದೊಡ್ಡ ಅಕ್ಷರಗಳು, ನಡುನಡುವೆ ತಲೆಯ ಮೇಲೆ ಓರೆಗೀಟು ಇರುವ ದೊಡ್ಡ ‘ಎ’, ಅಲ್ಲಲ್ಲಿ ಬ್ರಿಟಿಷ್ ಪೌಂಡಿನ ಗುರುತು ಕಂಡರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿಯ ಹಳೆಯ ಕಡತದಲ್ಲಿ ಅದು ಏಳು ಗುರುತುಗಳಾಗಿ ಕುಳಿತಿರುತ್ತದೆ: ಇಂಗ್ಲಿಷಿನ ದೊಡ್ಡ ‘ಪಿ’, ಗೀಟಿನ ‘ಎ’, ಪೌಂಡ್ ಗುರುತು, ಮತ್ತೆ ಗೀಟಿನ ‘ಎ’, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ‘ಕ್ಯೂ’, ಮತ್ತೊಮ್ಮೆ ಗೀಟಿನ ‘ಎ’. ‘ಪಿ’ ಎಂದರೆ ತಲೆಕಟ್ಟಿಲ್ಲದ ಕ. ಗೀಟಿನ ‘ಎ’ ಎಂದರೆ ತಲೆಕಟ್ಟು. ಪೌಂಡ್ ಎಂದರೆ ನ. ಜರ್ಮನ್ ಎಸ್ ಎಂದರೆ ನ ಒತ್ತು. ‘ಕ್ಯೂ’ ಎಂದರೆ ಡ. ಆ ಫಾಂಟು ಕಂಪ್ಯೂಟರಿನಲ್ಲಿ ಇದ್ದರೆ ಈ ಏಳೂ ಸೇರಿ ಕನ್ನಡದ ಆಕಾರ ಬರುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಒಳಗಿರುವ ಇಂಗ್ಲಿಷೇ ಹೊರಗೆ ಬರುತ್ತದೆ. ಬರಹ ಸುರಕ್ಷಿತವಾಗಿದೆ, ಪರಿವರ್ತಿಸಿದರೆ ಸಾಕು.

ಎರಡನೆಯ ಬಗೆಯ ಕಸದಲ್ಲಿ ಗೀಟಿನ ‘ಎ’ ಚಿಕ್ಕದಾಗಿರುತ್ತದೆ, ಅದರ ಪಕ್ಕದಲ್ಲಿ ಮೇಲಕ್ಕೆ ಬರೆದ ಪುಟ್ಟ 2 ಅಥವಾ 3 ಇರುತ್ತದೆ, ಆಮೇಲೆ ಇನ್ನೊಂದು ಚಿಹ್ನೆ. ಇದೇ ವರಸೆ ಸಾಲು ಸಾಲಾಗಿ ಬರುತ್ತದೆ. ಇದು ಅಪ್ಪಟ ಯೂನಿಕೋಡ್ ಕನ್ನಡ. ತೆರೆದ ತಂತ್ರಾಂಶ ಅದನ್ನು ತಪ್ಪಾಗಿ ಓದುತ್ತಿದೆ, ಅಷ್ಟೆ. ಯೂನಿಕೋಡನ್ನು ಶೇಖರಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್ ಬೇಕು. ಮೂರನ್ನೂ ಬಿಡಿಬಿಡಿಯಾಗಿ ಓದಿದಾಗ ಒಂದು ಅಕ್ಷರದ ಜಾಗದಲ್ಲಿ ಮೂರು ಚಿಹ್ನೆ ಹುಟ್ಟುತ್ತವೆ. ಇಲ್ಲಿ ಪರಿವರ್ತಕ ಬಳಸಬೇಡಿ, ಕಡತವನ್ನು ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆಯಿರಿ.

ಮೂರನೆಯದು ಖಾಲಿ ಚೌಕಗಳು. ಅಕ್ಷರ ಇದೆ, ತೋರಿಸಲು ಫಾಂಟ್ ಇಲ್ಲ. ಯಾವುದಾದರೂ ಯೂನಿಕೋಡ್ ಕನ್ನಡ ಫಾಂಟ್ ಹಾಕಿದರೆ ಸರಿಹೋಗುತ್ತದೆ.

ನಾಲ್ಕನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇದು ಕಂಡರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಯಾರೋ ಯಾವಾಗಲೋ ಆ ಕನ್ನಡ ಕಡತವನ್ನು ಯೂನಿಕೋಡ್ ಅಲ್ಲದ ಹಳೆಯ ಪದ್ಧತಿಯಲ್ಲಿ ಸೇವ್ ಮಾಡಿದ್ದಾರೆ. ಆಗ ಕಂಪ್ಯೂಟರು ಪ್ರತಿ ಕನ್ನಡ ಅಕ್ಷರವನ್ನೂ ಕಿತ್ತು ಅಲ್ಲಿ ಪ್ರಶ್ನಾರ್ಥಕ ಇಟ್ಟಿದೆ. ಆ ಪ್ರತಿಯಿಂದ ಏನನ್ನೂ ಮರಳಿ ಪಡೆಯಲಾಗದು. ಹಳೆಯ ಇಮೇಲ್, ಪೆನ್‌ಡ್ರೈವ್ ಎಲ್ಲಾದರೂ ಇನ್ನೊಂದು ಪ್ರತಿ ಉಳಿದಿದೆಯೇ ಎಂದು ಹುಡುಕಬೇಕು. ವಿಂಡೋಸ್ 10ರ 2019ರ ಮೇ ತಿಂಗಳ ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಅದಕ್ಕಿಂತ ಹಳೆಯ ಯಂತ್ರದಲ್ಲಿ ನೋಟ್‌ಪ್ಯಾಡ್ ಬಳಸುವವರು ಸೇವ್ ಮಾಡುವಾಗ ಎನ್‌ಕೋಡಿಂಗ್ ಎಂಬ ಜಾಗದಲ್ಲಿ ಏನಿದೆ ಎಂದು ತಪ್ಪದೆ ನೋಡಬೇಕು.

ಇಷ್ಟು ಬಗೆಯ ಕಡತ ಬಂದದ್ದು ಎಲ್ಲಿಂದ?

ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದದ್ದು 1991ರಲ್ಲಿ. ಕನ್ನಡ ಅಂದಿನಿಂದಲೇ ಅದರಲ್ಲಿದೆ. ಆದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಅದು ತಿಳಿಯಲು ಮತ್ತೊಂದು ದಶಕ ಬೇಕಾಯಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟ್ ಬಂದಮೇಲೆ ಸಾಮಾನ್ಯರ ಯಂತ್ರದಲ್ಲಿ ಯೂನಿಕೋಡ್ ಕನ್ನಡಕ್ಕೆ ಜಾಗ ಸಿಕ್ಕಿತು. ಅಷ್ಟರೊಳಗೆ ಜನ ಸುಮ್ಮನೆ ಕೂತಿರಲಿಲ್ಲ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡದ ಧ್ವನಿಗೆ ಹೊಂದುವಂತೆ ಕೀಲಿಗಳ ವಿನ್ಯಾಸ ರೂಪಿಸಿದ್ದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಅದಾದ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರ್ಕಾರಿ ಕಚೇರಿಗಳನ್ನೆಲ್ಲ ತಲುಪಿತು. ಮುದ್ರಣಾಲಯಗಳಲ್ಲಿ ಶ್ರೀಲಿಪಿ, ಆಕೃತಿ ಇದ್ದವು. ಕನ್ನಡದ ಎಷ್ಟೋ ಪುಸ್ತಕ, ಪತ್ರಿಕೆ, ಸರ್ಕಾರಿ ಆದೇಶ, ನಾಟಕ, ಮದುವೆ ಕರೆಯೋಲೆ ಇವುಗಳಲ್ಲೇ ಮೂಡಿದವು. ಅವರು ದಾರಿ ಮಾಡಿಕೊಡದಿದ್ದರೆ ಎರಡು ದಶಕದ ಬರಹ ಕಂಪ್ಯೂಟರಿಗೇ ಬರುತ್ತಿರಲಿಲ್ಲ. ಆ ಋಣ ನೆನೆಯುತ್ತಲೇ ಆ ಕಡತಗಳನ್ನು ಮುಂದಕ್ಕೆ ದಾಟಿಸುವ ಕೆಲಸ ನಾವು ಮಾಡಬೇಕಿದೆ.

ಪರಿವರ್ತನೆ: ಆತುರ ಬೇಡ

ಹಳೆಯ ಕಡತ ಸರಿಯಾಗಿ ಕಾಣುವ ಒಂದಾದರೂ ಯಂತ್ರ ಹುಡುಕಿ, ಅಲ್ಲಿ ಅದರ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮೂಲ ಹೇಗಿತ್ತು ಎಂದು ನೋಡಲು ಆಮೇಲೆ ಇದೇ ಆಧಾರ. ನಂತರ ಪಠ್ಯದ ಮೇಲೆ ಕ್ಲಿಕ್ ಮಾಡಿ ಫಾಂಟಿನ ಹೆಸರು ನೋಡಿ. ‘ನುಡಿ’ ಎಂದು ಶುರುವಾಗುವ ಫಾಂಟುಗಳು, ‘ಬಿಆರ್‌ಎಚ್ ಕನ್ನಡ’ದಂಥ ಬರಹದ ಫಾಂಟುಗಳು ಬಹುಮಟ್ಟಿಗೆ ಒಂದೇ ಸಂಕೇತಕ್ರಮ ಬಳಸುತ್ತವೆ, ಒಂದೇ ಪರಿವರ್ತಕ ಎರಡಕ್ಕೂ ಆಗುತ್ತದೆ. ಶ್ರೀಲಿಪಿ, ಆಕೃತಿಗಳದ್ದು ಬೇರೆ ಬೇರೆ ಕ್ರಮ. ಅವಕ್ಕೆ ನುಡಿಯ ಪರಿವರ್ತಕ ಕೊಟ್ಟರೆ ಕಸದಿಂದ ಇನ್ನೊಂದು ಕಸ ಬರುತ್ತದೆ.

ಪರಿವರ್ತಕಗಳು ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಯಲ್ಲೇ ಬರುತ್ತವೆ, ಅಂತರ್ಜಾಲದಲ್ಲೂ ಉಚಿತವಾಗಿವೆ. ಅಪ್ರಕಟಿತ ಹಸ್ತಪ್ರತಿ, ವಿಲ್ಲು, ಕೋರ್ಟಿನ ಕಾಗದ, ಸದಸ್ಯರ ವಿವರ ಇದ್ದರೆ ಅಂತರ್ಜಾಲದ್ದನ್ನು ಬಿಟ್ಟು ನಿಮ್ಮ ಯಂತ್ರದೊಳಗೇ ಕೆಲಸ ಮಾಡುವುದನ್ನು ಬಳಸಿ.

ಪರಿವರ್ತಕಕ್ಕೆ ಕನ್ನಡ ಯಾವುದು, ಇಂಗ್ಲಿಷ್ ಯಾವುದು ತಿಳಿಯದು. ನಡುವೆ ಇದ್ದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಎಲ್ಲವನ್ನೂ ಅದು ಕನ್ನಡದ ತುಣುಕುಗಳಾಗಿ ಬದಲಿಸಿಬಿಡುತ್ತದೆ. ಇಂಗ್ಲಿಷ್ ಹೆಚ್ಚಾಗಿರುವ ಲೇಖನವನ್ನು ಒಂದೊಂದೇ ಪ್ಯಾರಾ ಕೊಟ್ಟು ಪರಿವರ್ತಿಸುವುದು ನಿಧಾನವಾದರೂ ಒಳ್ಳೆಯದು.

ಆಮೇಲೆ ಅರ್ಕಾವತ್ತು ನೋಡಿ. ಹಳೆಯ ಫಾಂಟಿನಲ್ಲಿ ‘ಅರ್ಥ’ ಎಂದು ಬರೆದರೆ ಅ, ಥ, ಕೊನೆಗೆ ಅರ್ಕಾವತ್ತು ಎಂಬ ಕಣ್ಣಿಗೆ ಕಾಣುವ ವರಸೆಯಲ್ಲೇ ಕಡತದಲ್ಲಿ ಇರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ವರಸೆ: ಅ, ರ್, ಥ. ಹಾಗಾಗಿ ಪರಿವರ್ತಕ ರಕಾರವನ್ನು ಹಿಂದಕ್ಕೆ ಎತ್ತಿಡಬೇಕು. ಸರಳ ಪದಗಳಲ್ಲಿ ಸರಿಯಾಗಿಯೇ ಇಡುತ್ತದೆ. ‘ಸಾಮರ್ಥ್ಯ’, ‘ಮರ್ತ್ಯ’, ‘ಮೂರ್ಛೆ’ಗಳಂಥ ಕಡೆ ಎಡವಬಹುದು. ಪ್ರೂಫ್ ನೋಡುವಾಗ ಅರ್ಕಾವತ್ತಿರುವ ಪದಗಳನ್ನಷ್ಟೇ ಮೊದಲ ಸುತ್ತಿನಲ್ಲಿ ನೋಡಿಬಿಡಿ.

ಪರಿವರ್ತನೆ ಮುಗಿದಮೇಲೂ ಹಳೆಯ ಕಡತ ಅಳಿಸಬೇಡಿ. ಅದರ ಹೆಸರಿನ ಕೊನೆಗೆ ‘ಮೂಲ’ ಎಂದು ಸೇರಿಸಿ ಬದಿಗಿಟ್ಟರೆ ಸಾಕು.

ಸೊನ್ನೆಯ ಮೋಸ

ಇಷ್ಟು ವರ್ಷಗಳಲ್ಲಿ ಬಳಗದವರನ್ನೆಲ್ಲ ಬೆರಗುಗೊಳಿಸಿದ ವಿಷಯ ಒಂದಿದ್ದರೆ ಇದೇ. ಯೂನಿಕೋಡಿನಲ್ಲೇ ಟೈಪ್ ಮಾಡಿದ ಲೇಖನ, ನೋಡಲು ಒಂದು ತಪ್ಪಿಲ್ಲ. ಆದರೆ ‘ಬೆಂಗಳೂರು’ ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣೆದುರಿಗೇ ಇದೆ, ಕಂಪ್ಯೂಟರ್ ಇಲ್ಲ ಅನ್ನುತ್ತದೆ.

ಕಾರಣ ಅನುಸ್ವಾರ. ಬೆಂಗಳೂರಿನ ಸೊನ್ನೆಯ ಜಾಗದಲ್ಲಿ ಟೈಪ್ ಮಾಡಿದವರು ಕನ್ನಡದ ಅಂಕಿ ಸೊನ್ನೆ ಒತ್ತಿರುತ್ತಾರೆ. ‘ಬೆ೦ಗಳೂರು’, ‘ಬೆಂಗಳೂರು’: ಹಿಂದಿನ ಈ ಎರಡು ಪದಗಳಲ್ಲಿ ಮೊದಲನೆಯದರೊಳಗೆ ಇರುವುದು ಅಂಕಿ, ಎರಡನೆಯದರೊಳಗೆ ಅನುಸ್ವಾರ. ಅನೇಕ ಫಾಂಟುಗಳಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಅಕ್ಷರಗಳು. ಹುಡುಕಾಟ ಕೆಡುತ್ತದೆ, ಅಕಾರಾದಿ ಜೋಡಣೆ ಕೆಡುತ್ತದೆ, ದೃಷ್ಟಿ ಇಲ್ಲದವರಿಗೆ ಪಠ್ಯ ಓದಿ ಹೇಳುವ ತಂತ್ರಾಂಶ ಪದದ ನಡುವೆ ‘ಸೊನ್ನೆ’ ಎಂದು ಓದಿಬಿಡಬಹುದು. ‘ದುಃಖ’ದ ವಿಸರ್ಗಕ್ಕೆ ಬದಲಾಗಿ ಕೋಲನ್ ಒತ್ತಿ ‘ದು:ಖ’ ಮಾಡುವುದೂ ಇದೇ ಜಾತಿಯ ತಪ್ಪು.

ಪತ್ತೆ ಮಾಡುವುದು ಸುಲಭ. ವರ್ಡ್‌ನಲ್ಲಿ ಆ ಸೊನ್ನೆಯ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಹಿಡಿದು ಎಕ್ಸ್ ಒತ್ತಿ. ಅಕ್ಷರ ಹೋಗಿ ಅದರ ಯೂನಿಕೋಡ್ ಸಂಖ್ಯೆ ಬರುತ್ತದೆ. ಕೊನೆಯಲ್ಲಿ 82 ಇದ್ದರೆ ಅನುಸ್ವಾರ, ಇಂಗ್ಲಿಷಿನ ‘ಇ’ ಮತ್ತು 6 ಇದ್ದರೆ ಅಂಕಿ. ಮತ್ತೊಮ್ಮೆ ಆಲ್ಟ್, ಎಕ್ಸ್ ಒತ್ತಿದರೆ ಅಕ್ಷರ ಮರಳುತ್ತದೆ.

ಇಡೀ ಪುಸ್ತಕದಲ್ಲಿ ತಿದ್ದಬೇಕಾದರೆ ಲಿಬ್ರೆ ಆಫೀಸ್ ರೈಟರ್ ಒಳ್ಳೆಯದು. ಹುಡುಕು-ಬದಲಿಸು ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಆಯ್ಕೆಗೆ ಗುರುತು ಹಾಕಿ, ಹುಡುಕುವ ಜಾಗದಲ್ಲಿ ಹೀಗೆ ಕೊಡಿ:

(?<![೦-೯])೦

ಬದಲಿಸುವ ಜಾಗದಲ್ಲಿ ಅನುಸ್ವಾರ ಮಾತ್ರ ಇರಲಿ. ‘ಹಿಂದೆ ಅಂಕಿ ಇಲ್ಲದ ಸೊನ್ನೆಯನ್ನಷ್ಟೇ ಹಿಡಿ’ ಎಂದು ಇದರ ಅರ್ಥ. ಹಾಗಾಗಿ ೨೦೦೦, ೧೦೫ರಂಥ ಸಂಖ್ಯೆಗಳ ಸೊನ್ನೆಗೆ ಕೈ ಹೋಗುವುದಿಲ್ಲ. ಆದರೆ ೦.೫ರಂಥ ದಶಮಾಂಶಗಳು ಸಿಕ್ಕಿಬೀಳುತ್ತವೆ. ಆದ್ದರಿಂದ ‘ಎಲ್ಲವನ್ನೂ ಹುಡುಕು’ ಒತ್ತಿ ಒಮ್ಮೆ ಕಣ್ಣಾಡಿಸಿ, ಆಮೇಲೆ ಬದಲಿಸಿ. ದೊಡ್ಡ ಹಸ್ತಪ್ರತಿಯಾದರೂ ಕ್ಷಣಮಾತ್ರದಲ್ಲಿ ಶುದ್ಧವಾಗುತ್ತದೆ.

ಕಣ್ಣಿಗೆ ಕಾಣದ ಎರಡು ಅಕ್ಷರ

‘ರಾಜ್‌ಕುಮಾರ್’ ಎಂದು ಬರೆಯಹೊರಟರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಬೇಸತ್ತು ನಡುವೆ ಜಾಗ ಬಿಟ್ಟು ‘ರಾಜ್ ಕುಮಾರ್’ ಮಾಡುವವರೇ ಹೆಚ್ಚು. ‘ಫೇಸ್‌ಬುಕ್’, ‘ಸಾಫ್ಟ್‌ವೇರ್’, ‘ಬಸ್‌ನಲ್ಲಿ’ ಎಲ್ಲದಕ್ಕೂ ಇದೇ ಗತಿ. ಜಾಗ ಬಿಟ್ಟರೆ ಸಾಲಿನ ಕೊನೆಯಲ್ಲಿ ಪದ ಒಡೆದು ‘ನಲ್ಲಿ’ ಮುಂದಿನ ಸಾಲಿಗೆ ಬೀಳುತ್ತದೆ.

ಅರ್ಧಾಕ್ಷರವನ್ನು ಮುಂದಿನದಕ್ಕೆ ಅಂಟದಂತೆ ತಡೆಯಲು ಯೂನಿಕೋಡಿನಲ್ಲಿ ಅಗಲವೇ ಇಲ್ಲದ ಒಂದು ಅಕ್ಷರವಿದೆ. ‘ಬರಹ’ ತಂತ್ರಾಂಶದಲ್ಲಿ ಅದಕ್ಕೆ 6ರ ಮೇಲಿರುವ ಟೊಪ್ಪಿ ಗುರುತು. ವರ್ಡ್‌ನಲ್ಲಾದರೆ ‘ಜ್’ ಆದಮೇಲೆ ಇಂಗ್ಲಿಷಿನಲ್ಲಿ 200, ಅದಕ್ಕೆ ಅಂಟಿಸಿ ‘ಸಿ’ ಅಕ್ಷರ ಬರೆದು ಆಲ್ಟ್, ಎಕ್ಸ್ ಒತ್ತಿ. ಬರೆದದ್ದು ಮಾಯವಾಗುತ್ತದೆ, ಆದರೆ ತಡೆ ಅಲ್ಲಿ ಕೂತಿರುತ್ತದೆ. ಮುಂದೆ ಕುಮಾರ್ ಎಂದು ಧಾರಾಳವಾಗಿ ಬರೆಯಿರಿ. ಪದೇ ಪದೇ ಬೇಕಾಗುವ ಪದಗಳನ್ನು ವರ್ಡ್‌ನ ಆಟೋ ಕರೆಕ್ಟ್‌ಗೆ ಸೇರಿಸಿಕೊಂಡರೆ ಶ್ರಮ ಇನ್ನೂ ಕಡಿಮೆ.

ಇದರ ಜೊತೆಗಾರ ಇನ್ನೊಂದಿದೆ. ‘ರ್ಯಾಂಕ್’ ಎಂದು ಬರೆದರೆ ಯಕಾರಕ್ಕೆ ಅರ್ಕಾವತ್ತು ಬರುತ್ತದೆ. ರಕಾರ ಪೂರ್ತಿ ಇದ್ದು ಕೆಳಗೆ ಯ ಒತ್ತು ಬರಬೇಕಾದರೆ ‘ರ‍್ಯಾಂಕ್’ ಎಂದಾಗಬೇಕು. ಅದಕ್ಕೆ ರ ಬರೆದು, 200ಕ್ಕೆ ‘ಡಿ’ ಅಂಟಿಸಿ ಆಲ್ಟ್, ಎಕ್ಸ್ ಒತ್ತಿ, ಆಮೇಲೆ ಹಲಂತ, ಯ. ಈ ಕಾಣದ ಅಕ್ಷರಗಳೂ ಹುಡುಕಾಟದಲ್ಲಿ ಲೆಕ್ಕಕ್ಕೆ ಬರುತ್ತವೆ. ಒಂದು ಪುಸ್ತಕದಲ್ಲಿ ಒಂದೇ ರೀತಿ ಬರೆಯುವುದು ಮೇಲು.

ಕೀಲಿಮಣೆ ಯಾವುದು?

ಒಂದನ್ನು ಹಿಡಿದಮೇಲೆ ಬಿಡಬೇಡಿ, ಅಷ್ಟೇ. ನುಡಿಯ ವಿನ್ಯಾಸ ಕೈಗೆ ಕೂತಿದ್ದರೆ ಅದನ್ನೇ ಮುಂದುವರಿಸಿ. ನುಡಿಯ ಈಚಿನ ಆವೃತ್ತಿಗಳಲ್ಲಿ ಅದೇ ಕೀಲಿಗಳಿಂದ ಯೂನಿಕೋಡ್ ಮೂಡುತ್ತದೆ. ಲಿನಕ್ಸ್‌ನಲ್ಲೂ ಕೆಜಿಪಿ ಹೆಸರಿನಲ್ಲಿ ಅದು ಸಿಗುತ್ತದೆ. ಬೇರೇನನ್ನೂ ಹಾಕಿಕೊಳ್ಳದೆ ಬರೆಯಬೇಕೆಂದರೆ ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ. ಇನ್‌ಸ್ಕ್ರಿಪ್ಟ್ ಅಲ್ಲದೆ, ಇಂಗ್ಲಿಷ್ ಉಚ್ಚಾರಣೆಯಲ್ಲಿ ಟೈಪ್ ಮಾಡುವ ಫೊನೆಟಿಕ್ ಕೀಲಿಮಣೆಯೂ 2019ರಿಂದ ಅದರಲ್ಲೇ ಇದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹಾರಬಹುದು.

ಬೆರಳು ನೋವಿರುವ ಹಿರಿಯರಿಗೆ ಮಾತಿನಿಂದ ಬರೆಯುವುದು ವರವೇ ಸರಿ. ಗೂಗಲ್‌ನ ಧ್ವನಿ ಟೈಪಿಂಗ್ 2017ರಲ್ಲಿ ಕನ್ನಡಕ್ಕೂ ಬಂತು. ಫೋನಿನ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ, ಅಥವಾ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ ಭಾಷೆ ಕನ್ನಡ ಆರಿಸಿ. ಡಾಕ್ಸ್‌ನಲ್ಲಿ ಪೂರ್ಣವಿರಾಮ, ಅಲ್ಪವಿರಾಮಗಳನ್ನು ಬಾಯಲ್ಲಿ ಹೇಳಿದರೆ ನಡೆಯದು, ಆಮೇಲೆ ಕೈಯಿಂದ ಹಾಕಬೇಕು. ಆಡುಮಾತಿಗಿಂತ ಗ್ರಂಥಭಾಷೆ ಅದಕ್ಕೆ ಹೆಚ್ಚು ತಿಳಿಯುತ್ತದೆ. ‘ಹೋಗ್ತಿದೀನಿ’ಗಿಂತ ‘ಹೋಗುತ್ತಿದ್ದೇನೆ’ ಅಂದರೆ ತಿದ್ದುಪಡಿ ಕಡಿಮೆ.

ಎಕ್ಸೆಲ್ ಪಟ್ಟಿಯವರಿಗೆ

ಸಹಕಾರ ಸಂಘದ ಸದಸ್ಯರ ಪಟ್ಟಿ, ಶಾಲೆಯ ಹಳೆ ವಿದ್ಯಾರ್ಥಿಗಳ ಪಟ್ಟಿ ಸಿಎಸ್‌ವಿ ಕಡತವಾಗಿ ಬಂದಿರುತ್ತದೆ. ಜೋಡಿ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್‌ನಲ್ಲಿ ಕನ್ನಡವೆಲ್ಲ ಚಿಕ್ಕ ಗೀಟಿನ ‘ಎ’ಗಳಾಗಿ ಕಾಣಬಹುದು. ಇದು ಮೇಲೆ ಹೇಳಿದ ಎರಡನೆಯ ಬಗೆಯ ಕಸ. ಹಾಗೇ ಸೇವ್ ಮಾಡಿದರೆ ಕೆಟ್ಟಿತು. ಮುಚ್ಚಿಬಿಡಿ. ಖಾಲಿ ಹಾಳೆ ತೆರೆದು ಡೇಟಾ ಎಂಬಲ್ಲಿ ‘ಟೆಕ್ಸ್ಟ್/ಸಿಎಸ್‌ವಿಯಿಂದ’ ಎಂಬುದನ್ನು ಆರಿಸಿ, ಕಡತ ತೋರಿಸಿ, ಕಡತದ ಮೂಲ ಎಂಬಲ್ಲಿ 65001 ಯುಟಿಎಫ್-8 ಆಯ್ಕೆ ಮಾಡಿ. ಕನ್ನಡ ಮೂಡುತ್ತದೆ. ನೀವೇ ಯಾರಿಗಾದರೂ ಕಳಿಸುವುದಾದರೆ ‘ಸಿಎಸ್‌ವಿ ಯುಟಿಎಫ್-8’ ಎಂಬ ಬಗೆಯಲ್ಲೇ ಉಳಿಸಿ.

ಯೂನಿಕೋಡ್ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಅ, ಆ, ಇ ಎಂದು ಕನ್ನಡದ ಕ್ರಮದಲ್ಲೇ ಬರುತ್ತದೆ. ಹಳೆಯ ಫಾಂಟಿನ ಪಟ್ಟಿ ಒಳಗಿನ ಇಂಗ್ಲಿಷ್ ಗುರುತಿನ ಕ್ರಮದಲ್ಲಿ ಬರುತ್ತದೆ, ಅದಕ್ಕೆ ತಲೆಬುಡ ಇರುವುದಿಲ್ಲ. ಸಂಘದ ಪದಾಧಿಕಾರಿಗಳನ್ನು ಯೂನಿಕೋಡಿಗೆ ಒಪ್ಪಿಸಲು ಇದೊಂದನ್ನು ತೋರಿಸಿದರೆ ಸಾಕಾಗುತ್ತದೆ.

ಎಸ್ಎಂಎಸ್ ಕಳಿಸುವ ಸಂಘದವರು ಇನ್ನೊಂದು ಗಮನಿಸಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಗುಣಿತಾಕ್ಷರದ ಸ್ವರಚಿಹ್ನೆ, ಹಲಂತ ಎಲ್ಲವೂ ಆ ಎಪ್ಪತ್ತರಲ್ಲಿ ಎಣಿಕೆಯಾಗುತ್ತವೆ. ‘ಕನ್ನಡ’ ಅಂದರೆ ಐದು.

ಮುದ್ರಣಾಲಯಕ್ಕೆ ಕೊಡುವ ಮುನ್ನ

ಇದು ಲೇಖಕರೆಲ್ಲ ತಿಳಿದಿರಬೇಕಾದ್ದು, ಯಾರೂ ಹೇಳಿಕೊಡದೇ ಇರುವುದು. ಅನೇಕ ಕಡೆ ಪುಟವಿನ್ಯಾಸ ಇಂದಿಗೂ ಪೇಜ್‌ಮೇಕರ್‌ನಲ್ಲಿ ನಡೆಯುತ್ತದೆ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಹಾಗಾಗಿ ನೀವು ಕೊಟ್ಟ ಶುದ್ಧ ಯೂನಿಕೋಡ್ ಪಠ್ಯವನ್ನು ಅವರು ಹಳೆಯ ಫಾಂಟಿಗೆ ತಿರುಗಿಸಿಕೊಳ್ಳುತ್ತಾರೆ. ಆಮೇಲೆ ನೀವು ಪ್ರೂಫ್ ನೋಡಿ ಮಾಡಿಸಿದ ತಿದ್ದುಪಡಿ, ಸೇರಿಸಿದ ಅಡಿಟಿಪ್ಪಣಿ, ಬದಲಿಸಿದ ವಾಕ್ಯ ಎಲ್ಲವೂ ಪೇಜ್‌ಮೇಕರ್ ಕಡತದಲ್ಲಿ ಮಾತ್ರ ಉಳಿಯುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿರುವುದು ಮೊದಲ ಕರಡು. ಕೆಲವು ವರ್ಷ ಕಳೆದು ಎರಡನೆಯ ಮುದ್ರಣಕ್ಕೆ, ಇ-ಪುಸ್ತಕಕ್ಕೆ ಹೊರಟಾಗ ಅಂತಿಮ ಪಠ್ಯ ಎಲ್ಲಿಯೂ ಇರುವುದಿಲ್ಲ.

ಕೆಲಸ ಒಪ್ಪಿಸುವ ದಿನವೇ ‘ಅಚ್ಚಿಗೆ ಹೋದ ಪಠ್ಯದ ಕಡತ, ಬಳಸಿದ ಫಾಂಟಿನ ಹೆಸರು ಎರಡನ್ನೂ ಕೊನೆಗೆ ಕೊಡಬೇಕು’ ಎಂದು ಮಾತಾಡಿಕೊಳ್ಳಿ. ಬಿಲ್ ಪಾವತಿಸಿದ ದಿನವೇ ಅದನ್ನು ಪಡೆದು ಯೂನಿಕೋಡಿಗೆ ತಿರುಗಿಸಿಟ್ಟುಕೊಳ್ಳಿ. ಬಳಗದಲ್ಲಿರುವ ಡಿಟಿಪಿಯವರ ಸಲಹೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ: ಸಾಧ್ಯವಾದರೆ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಫಾಂಟಿನಲ್ಲೇ ಮಾಡಿಸಿ. ಅಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಬೇಕು, ಸರಿಹೋಗುತ್ತದೆ.

ಯೂನಿಕೋಡಿನಲ್ಲಿ ಒಳ್ಳೆಯ ಫಾಂಟಿಲ್ಲ ಎಂಬ ಹಳೆಯ ದೂರು ಈಗ ನಿಲ್ಲುವುದಿಲ್ಲ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಪುಸ್ತಕದ ಒಳಪುಟಕ್ಕೆ ಚೆನ್ನ. ಬಾಲೂ ತಮ್ಮ, ಅನೇಕ್ ಕನ್ನಡ ಶೀರ್ಷಿಕೆಗೆ, ಭಿತ್ತಿಪತ್ರಕ್ಕೆ. ಎಲ್ಲವೂ ಉಚಿತ, ಮುದ್ರಣಕ್ಕೂ ಬಳಸಬಹುದು.

ಕಾಗದದಲ್ಲಷ್ಟೇ ಉಳಿದಿದ್ದರೆ

ಕಡತವೇ ಇಲ್ಲ, ಅಚ್ಚಾದ ಪುಟ ಮಾತ್ರ ಇದೆ ಅಂದರೂ ಮತ್ತೆ ಟೈಪ್ ಮಾಡಬೇಕಿಲ್ಲ. ಪುಟವನ್ನು 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಅಲ್ಲಿಂದ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಅಂತರ್ಜಾಲ ಬೇಡವೆಂದರೆ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ಫೋನಿನಲ್ಲಿ ಫೋಟೊ ತೆಗೆಯುವುದಾದರೆ ಹಗಲು ಬೆಳಕಿನಲ್ಲಿ, ಪುಟ ಬಾಗದಂತೆ, ನೆರಳು ಬೀಳದಂತೆ ತೆಗೆಯಬೇಕು. ದ-ಧ, ಬ-ಭ, ಪ-ಫ-ಷ ಇವುಗಳಲ್ಲಿ ಯಂತ್ರ ತಪ್ಪುತ್ತದೆ. ಹಳೆಯ ಮೊಳೆ ಜೋಡಿಸಿದ ಅಚ್ಚಿನಲ್ಲಿ ಇನ್ನೂ ಹೆಚ್ಚು. ಒಬ್ಬರು ಪುಸ್ತಕ ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ತೆರೆ ನೋಡುತ್ತ ತಿದ್ದಿದರೆ ಕೆಲಸ ಬೇಗ ಸಾಗುತ್ತದೆ.

ಬೇರೆಯವರ ಪುಸ್ತಕವನ್ನು ಹೀಗೆ ಮಾಡಿ ಹಂಚುವ ಮುನ್ನ ಹಕ್ಕುಸ್ವಾಮ್ಯ ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 1946ರಲ್ಲಿ ತೀರಿಕೊಂಡ ಬಿಎಂಶ್ರೀ ಅವರ ಬರಹ ಎಲ್ಲರ ಸೊತ್ತು. 1975ರಲ್ಲಿ ತೀರಿಕೊಂಡ ಡಿವಿಜಿ ಅವರದ್ದು ಇನ್ನೂ ಅಲ್ಲ. ಹಕ್ಕು ಮುಗಿದ ಪುಸ್ತಕಗಳನ್ನು ಕನ್ನಡ ವಿಕಿಸೋರ್ಸ್‌ಗೆ ಸೇರಿಸಿದರೆ ಯಾರು ಬೇಕಾದರೂ ಓದಬಹುದು, ಹುಡುಕಬಹುದು.

ಕಾಪಿಡುವುದು, ಕಾಯುವುದು

ಮುಖ್ಯವಾದ ಬರಹಕ್ಕೆ ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ: ಕ್ಲೌಡ್‌ನಲ್ಲೋ, ಬೇರೆ ಊರಿನ ಮಗಳ ಮನೆಯ ಹಾರ್ಡ್‌ಡಿಸ್ಕ್‌ನಲ್ಲೋ. ಪೆನ್‌ಡ್ರೈವ್ ಸಾಗಿಸಲಿಕ್ಕೆ, ಕೂಡಿಡಲಿಕ್ಕಲ್ಲ. ವರ್ಡ್ ಕಡತದ ಜೊತೆಗೆ ಒಂದು ಪಿಡಿಎಫ್, ಒಂದು ಯುಟಿಎಫ್-8 ಸಾದಾ ಪಠ್ಯ ಇಡಿ. ಸಾದಾ ಪಠ್ಯದಲ್ಲಿ ಅಂದಚೆಂದ ಇರದು, ಆದರೆ ಯಾವ ಕಾಲದ ಯಾವ ಯಂತ್ರವೂ ಅದನ್ನು ತೆರೆಯಬಲ್ಲದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಮಿಂಟ್ ಹಾಕಿ ನೋಡಿ. ಪೆನ್‌ಡ್ರೈವ್‌ನಿಂದಲೇ ಓಡಿಸಿ ಪರೀಕ್ಷಿಸಬಹುದು. ಕನ್ನಡ ಟೈಪಿಂಗ್, ಲಿಬ್ರೆ ಆಫೀಸ್, ಬ್ರೌಸರ್ ಎಲ್ಲ ಅದರಲ್ಲಿ ನಡೆಯುತ್ತವೆ.

ನುಡಿ, ಬರಹ ಮುಂತಾದವನ್ನು ಅವುಗಳ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣವೆಂದು ಎಪಿಕೆ ಕಡತ ಬಂದರೆ ಕಳಿಸಿದವರು ಪರಿಚಿತರಾದರೂ ಒತ್ತಬೇಡಿ. ಅದು ಆಮಂತ್ರಣವಲ್ಲ, ಫೋನಿನೊಳಗೆ ನುಗ್ಗುವ ಆ್ಯಪ್. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಅಕಸ್ಮಾತ್ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವ ಸಾಧ್ಯತೆ ಕಡಿಮೆ.

ನಿಮ್ಮೂರಲ್ಲೂ ಇಂಥ ಬಳಗ ಕಟ್ಟುವ ಮನಸ್ಸಿದ್ದರೆ ಗ್ರಂಥಾಲಯದ ಒಂದು ಮೇಜು ಸಾಕು. ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಪ್ರಶ್ನೆ ಕೇಳಿದವರ ಕೈಯಲ್ಲೇ ಮೌಸ್ ಇರಬೇಕು. ಬಲ್ಲವರು ಪಕ್ಕದಲ್ಲಿ ಕೂತು ಹೇಳಬೇಕು, ಕಸಿದುಕೊಂಡು ಮಾಡಿ ಕೊಡಬಾರದು. ಮೊದಲ ಸಭೆಗೆ ಬರುವವರಿಗೆ ತಮ್ಮ ಅತಿ ಹಳೆಯ ಕನ್ನಡ ಕಡತವೊಂದನ್ನು ತರಲು ಹೇಳಿ, ಜೊತೆಗೆ ಅದರ ಇನ್ನೊಂದು ಪ್ರತಿ ಮನೆಯಲ್ಲಿ ಇರಲಿ.